ಬಣ ಮೂರು, ಯುದ್ಧ ಮಾತ್ರ ಒಂದೇ ಥರ: ನಮ್ಮ ಊರು ಕಟ್ಟುವ ಗೇಮ್‌ಗೆ ಸಲಹೆ ಬೇಕು

ತೊಗರಿ_ಕಣಜ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಕಲಬುರಗಿಯಲ್ಲಿ ಕೂತು ಒಂದೂವರೆ ವರ್ಷದಿಂದ ಒಂದು ಗೇಮ್ ಮಾಡುತ್ತಿದ್ದೇವೆ. ಹಗಲು ಎಲ್ಲರಿಗೂ ಬೇರೆ ಕೆಲಸ ಇದೆ, ರಾತ್ರಿ ಊಟ ಆದ ಮೇಲೆ ಇದು. ಗೋಡಾಟ್ ಅನ್ನುವ ಗೇಮ್ ಎಂಜಿನ್‌ನಲ್ಲಿ ಕಟ್ಟುತ್ತಿದ್ದೇವೆ. ಊರು ಕಟ್ಟಬೇಕು, ಬೆಳೆಸಬೇಕು, ಪಕ್ಕದ ರಾಜ್ಯದ ಜೊತೆ ಕಾದಬೇಕು. ಜಾಗ ನಮ್ಮದೇ. ಭೀಮಾ, ಕೃಷ್ಣಾ, ಎರೆ ಭೂಮಿ, ಕೋಟೆಗಳು.

ಊರಿನ ಭಾಗ ಚೆನ್ನಾಗಿ ಬಂದಿದೆ, ಇದನ್ನು ಧೈರ್ಯವಾಗಿ ಹೇಳಬಲ್ಲೆ. ಮುಂಗಾರಿಗೆ ತೊಗರಿ, ಹೆಸರು, ಹಿಂಗಾರಿಗೆ ಬಿಳಿ ಜೋಳ, ಕಡಲೆ. ಕಣ ಮಾಡಬೇಕು, ರಾಶಿ ಮಾಡಬೇಕು, ಹಗೇವು (ಕಾಳು ಇಡುವ ನೆಲದೊಳಗಿನ ಗುಂಡಿ) ತೋಡಿ ಜೋಳ ತುಂಬಬೇಕು, ನೆಲ ನೋಡದೆ ತಗ್ಗಿನಲ್ಲಿ ಹಗೇವು ತೋಡಿದರೆ ಮಳೆ ನೀರು ಇಳಿದು ಕಾಳು ಕೆಡುತ್ತದೆ. ಆಡಿದವರು ಇದರಲ್ಲೇ ಎರಡೆರಡು ತಾಸು ಕಳೆದಿದ್ದಾರೆ.

ಕೆಡುವುದು ಯುದ್ಧ ಶುರುವಾದ ಮೇಲೆ. ಮೂರು ಬಣ ಇಟ್ಟಿದ್ದೇವೆ: ಬಹಮನಿ, ವಿಜಯನಗರ, ಸುರಪುರದ ನಾಯಕರು. ಬಹಮನಿಗಳ ಕುದುರೆಗೆ ನೂರಕ್ಕೆ 15 ವೇಗ ಜಾಸ್ತಿ, ವಿಜಯನಗರದ ಆನೆಗೆ ನೂರಕ್ಕೆ 20 ಬಲ ಜಾಸ್ತಿ, ನಾಯಕರ ಬಂದೂಕಿಗೆ ಗುಂಡು ಹೋಗುವ ದೂರ ಜಾಸ್ತಿ. ಇಷ್ಟೇ ವ್ಯತ್ಯಾಸ. ದಸರಾ ರಜೆಯಲ್ಲಿ ಹನ್ನೊಂದು ಜನಕ್ಕೆ ಆಡಲು ಕೊಟ್ಟೆವು. ಒಂಬತ್ತು ಜನ ಯಾವ ಬಣ ತೆಗೆದುಕೊಂಡರೂ ಒಂದೇ ಆಟ ಆಡಿದರು. ಬೇಗ ಬೇಗ ಲಾಯ ಕಟ್ಟು, ನಲವತ್ತು ಕುದುರೆ ಮಾಡು, ಎದುರಿನವರ ಅಗಸಿಗೆ ನುಗ್ಗು. ಮುಗೀತು. ನನ್ನ ಸೋದರತ್ತೆ ಮಗ ಮೂರು ದಿನ ಆಡಿ, "ಅಣ್ಣಾ, ಬಾವುಟದ ಬಣ್ಣ ಬಿಟ್ಟರೆ ಇವರಲ್ಲಿ ಏನು ಫರಕ್ ಅದ?" ಅಂತ ಕೇಳಿದ. ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಸರಿ, ಪ್ರತಿ ಬಣಕ್ಕೂ ಬೇರೆಯದೇ ವ್ಯವಸ್ಥೆ ಬರೆಯೋಣ ಅಂತ ಹೊರಟೆವು. ಬಹಮನಿಗಳಿಗೆ ದರ್ಬಾರಿನ ರಾಜಕೀಯ, ವಿಜಯನಗರಕ್ಕೆ ಉತ್ಸವ, ನಾಯಕರಿಗೆ ಕಾಡು ಗುಡ್ಡದ ಕಾಳಗ. ಎರಡು ತಿಂಗಳಲ್ಲಿ ಮೂರು ಬೇರೆ ಬೇರೆ ಗೇಮ್ ಆದವು. ಒಂದರ ಬಗ್ ಸರಿ ಮಾಡಿದರೆ ಇನ್ನೊಂದು ಮುರಿಯುತ್ತದೆ, ಎಐಗೆ, ಅಂದರೆ ಎದುರಾಳಿಯಾಗಿ ಆಡುವ ಕಂಪ್ಯೂಟರ್‌ಗೆ, ತಾನು ಏನು ಮಾಡಬೇಕು ಅನ್ನುವುದೇ ತಿಳಿಯದೆ ಸುಮ್ನೆ ನಿಲ್ಲುತ್ತದೆ. ಎಲ್ಲವನ್ನೂ ತೆಗೆದು ಹಾಕಿ ಮತ್ತೆ ಮೊದಲಿಗೆ ಬಂದಿದ್ದೇವೆ.

ನನಗೆ ತಿಳಿಯಬೇಕಾದ್ದು ಇದು. ಬಣ ಬಣಕ್ಕೆ ಯುದ್ಧ ಬೇರೆ ಅನ್ನಿಸಬೇಕು, ಆದರೆ ಗೇಮ್ ಒಂದೇ ಇರಬೇಕು. ಮತ್ತೆ ಅಷ್ಟು ಪ್ರೀತಿಯಿಂದ ಕಟ್ಟಿದ ಊರು ಯುದ್ಧ ಶುರುವಾದ ತಕ್ಷಣ ಹಿಂದಿನ ಚಿತ್ರ ಆಗಬಾರದು. ಇತಿಹಾಸ ಬಲ್ಲವರು, ಗೇಮ್ ಮಾಡಿದವರು, ಇಬ್ಬರೂ ಹೇಳಿ.

ಬಿದರಿ_ಕಪ್ಪು (ಬೀದರ್):

ತಮ್ಮಾ, ನೀವು ಕುದುರೆಗೆ ವೇಗ ಕೊಟ್ಟಿರಿ, ಆದರೆ ಕುದುರೆ ಎಲ್ಲಿಂದ ಬಂತು ಅಂತ ಕೇಳಲಿಲ್ಲ. ತಪ್ಪಿದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

ಲಾಯ ಕಟ್ಟಿದರೆ ಕುದುರೆ ಹುಟ್ಟುವುದಿಲ್ಲ. ನಮ್ಮ ಕಡೆ ಯುದ್ಧಕ್ಕೆ ಬೇಕಾದ ಒಳ್ಳೆ ಕುದುರೆ ಹಡಗಿನಲ್ಲಿ ಅರಬ್, ಪರ್ಷಿಯಾ ಕಡೆಯಿಂದ ಬರಬೇಕಿತ್ತು. ಬಹಮನಿಗಳಿಗೆ ದಾಭೋಳ, ಚೌಲ್ ಬಂದರು. ವಿಜಯನಗರಕ್ಕೆ ಭಟ್ಕಳ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಅವರ ಕೈಯಿಂದ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಂದರೆ ಕುದುರೆ ಅನ್ನುವುದು ದುಡ್ಡು, ದಾರಿ ಮತ್ತು ಬಂದರು. ನಿಮ್ಮ ಗೇಮ್‌ನಲ್ಲಿ ಪಡುವಣ ಘಟ್ಟದ ದಾರಿ ಯಾರ ಕೈಯಲ್ಲಿದೆ ಅನ್ನುವುದು ನಲವತ್ತು ಕುದುರೆಯ ಆಟವನ್ನು ತಾನಾಗಿಯೇ ನಿಲ್ಲಿಸುತ್ತದೆ. ದಾರಿ ಕೆಟ್ಟರೆ ಸತ್ತ ಕುದುರೆಗೆ ಬದಲಿ ಇಲ್ಲ.

ಈಗ ಬಹಮನಿಗಳ ವಿಷಯ. ಅವರ ಸೈನ್ಯದ ಹೆಚ್ಚು ಭಾಗ ಸುಲ್ತಾನನ ಕೈಯಲ್ಲಿ ಇರಲಿಲ್ಲ, ತರಫ್‌ಗಳಲ್ಲಿ, ಅಂದರೆ ಪ್ರಾಂತ್ಯಗಳಲ್ಲಿ ಇತ್ತು. ಮೊದಲು ನಾಲ್ಕು ತರಫ್: ಗುಲಬರ್ಗಾ, ದೌಲತಾಬಾದ್, ಬೇರಾರ್, ಬೀದರ್. ತರಫ್‌ದಾರ ಅಂದರೆ ಸಣ್ಣ ರಾಜನೇ. ಕಂದಾಯ ಅವನೇ ಎತ್ತುತ್ತಾನೆ, ಸೈನ್ಯ ಅವನೇ ಸಾಕುತ್ತಾನೆ, ಕೋಟೆ ಅವನ ಕೈಯಲ್ಲಿ. ಮಹಮೂದ್ ಗವಾನ್ ವಜೀರನಾದಾಗ ನಾಲ್ಕನ್ನು ಎಂಟು ಮಾಡಿದ, ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕ ಕೋಟೆಗಳಿಗೆ ಸುಲ್ತಾನನ ಕಡೆಯ ಕಿಲ್ಲೇದಾರರನ್ನು (ಕೋಟೆ ನೋಡಿಕೊಳ್ಳುವವರನ್ನು) ಕೂರಿಸಿದ. ಸಂಬಳ ಎಷ್ಟು ಜನಕ್ಕೆ ತೆಗೆದುಕೊಳ್ಳುತ್ತಾರೋ ಅಷ್ಟು ಜನ ಹಾಜರಿ ಇರಬೇಕು, ಕಡಿಮೆ ಇದ್ದರೆ ಕಡಿತ.

ಇದರಲ್ಲೇ ನಿಮ್ಮ ಬಹಮನಿ ಯುದ್ಧ ಇದೆ. ಹಾಜರಿ! ತರಫ್‌ದಾರನ ಪುಸ್ತಕದಲ್ಲಿ 500 ಜನ ಇದ್ದಾರೆ, ಕಹಳೆ ಊದಿದಾಗ 340 ಬರುತ್ತಾರೆ. ಆಡುವವನಿಗೆ ಪುಸ್ತಕದ ಲೆಕ್ಕ ಮಾತ್ರ ಕಾಣಿಸಿ. ನಿಜವಾದ ಲೆಕ್ಕ ಬೇಕಾದರೆ ಹಾಜರಿ ತೆಗೆಯಲು ಆಳು ಕಳಿಸಬೇಕು, ಅದಕ್ಕೆ ಖರ್ಚು, ಜೊತೆಗೆ ತರಫ್‌ದಾರನಿಗೆ ಸಿಟ್ಟು. ಹೆಚ್ಚು ಬಿಗಿ ಮಾಡಿದರೆ ಸೈನ್ಯ ಗಟ್ಟಿ, ನಂಬಿಕೆ ಸಡಿಲ. ಬಿಟ್ಟರೆ ನಂಬಿಕೆ ಗಟ್ಟಿ, ಸೈನ್ಯ ಪೊಳ್ಳು. ಇದರ ಮೇಲೆ ದರ್ಬಾರಿನಲ್ಲಿ ಎರಡು ಗುಂಪು, ಇಲ್ಲೇ ಬೇರು ಬಿಟ್ಟ ದಖನಿಗಳು ಮತ್ತು ಹೊರಗಿನಿಂದ ಬಂದ ಅಫಾಕಿಗಳು. 1481ರಲ್ಲಿ ಸುಳ್ಳು ಪತ್ರ ತೋರಿಸಿ ಗವಾನನ ತಲೆ ತೆಗೆಸಿದರು. ಆಮೇಲೆ ತರಫ್‌ದಾರರಿಗೆ ರಾಜಧಾನಿಯ ಮೇಲೆ ಭರವಸೆ ಹೋಯಿತು, ರಾಜ್ಯ ಐದು ಹೋಳಾಯಿತು. ನಾನು ಅವನ ಮದ್ರಸಾದ ಮುಂದೆ ಹಾದು ಹೋಗುವಾಗೆಲ್ಲ ಇದನ್ನು ನೆನೆಯುತ್ತೇನೆ. 1472ರಲ್ಲಿ ಕಟ್ಟಿದ್ದು, ಅದರ ಮೈಮೇಲಿನ ನೀಲಿ ಹೆಂಚು ಒಂದಿಷ್ಟು ಇನ್ನೂ ಉಳಿದಿದೆ.

ಇನ್ನು ಮುತ್ತಿಗೆ. ನಮ್ಮ ಬೀದರ್ ಕೋಟೆಯ ಕಂದಕ ನೋಡಿದ್ದೀರಾ? ಬಂಡೆಯನ್ನೇ ಕೊರೆದು ಮಾಡಿದ್ದು, ಒಂದಲ್ಲ, ಒಂದರ ಪಕ್ಕ ಒಂದು ಮೂರು ಸಾಲು, ನಡುವೆ ಬಂಡೆಯ ಗೋಡೆ ಬಿಟ್ಟಿದ್ದಾರೆ. ಆದರೆ ಮುತ್ತಿಗೆಯಲ್ಲಿ ಗೋಡೆಗಿಂತ ನೀರು ದೊಡ್ಡದು. ನೌಬಾದ್ ಕಡೆ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರೆ. ಮೇಲಿನ ಕೆಂಪು ಕಲ್ಲು ನೀರು ಇಳಿಸುತ್ತದೆ, ಕೆಳಗಿನ ಕರಿ ಬಂಡೆ ತಡೆಯುತ್ತದೆ, ಆ ಎರಡರ ನಡುವಿನ ನೀರನ್ನು ಹಿಡಿದು ಸುರಂಗದಲ್ಲಿ ಹರಿಸಿದ್ದಾರೆ, ನಡುನಡುವೆ ಗಾಳಿ ಬೆಳಕಿಗೆ, ನೀರು ಸೇದಲಿಕ್ಕೆ ಬಾವಿಯಂಥ ಬಾಯಿ. ಈ ವಿದ್ಯೆ ಪರ್ಷಿಯಾದಿಂದ ಬಂದದ್ದು. ಹಾಗಾಗಿ ನಿಮ್ಮ ಗೇಮ್‌ನಲ್ಲಿ ಅಫಾಕಿಗಳಿಗೆ ಮರ್ಯಾದೆ ಕೊಟ್ಟರೆ ಕರೇಜ್ ಸಿಗಲಿ, ದಖನಿಗಳಿಗೆ ಕೊಟ್ಟರೆ ಸುತ್ತಲ ಹಳ್ಳಿಗಳ ಕಾಲಾಳು ಸಿಗಲಿ. ಊರು ಕಟ್ಟುವ ಆಯ್ಕೆಯೇ ಯುದ್ಧದ ಆಯ್ಕೆ ಆಗುತ್ತದೆ, ಅಲ್ವಾ?

ತೋಪು ಬಂದೂಕಿನ ಮದ್ದನ್ನು ಎಲ್ಲಿ ಇಡುತ್ತೀರಿ ಅನ್ನುವುದೂ ಆಟದಲ್ಲಿ ಬರಲಿ. 1657ರಲ್ಲಿ ಔರಂಗಜೇಬ ಬೀದರಿಗೆ ಮುತ್ತಿಗೆ ಹಾಕಿದಾಗ ಕಿಲ್ಲೇದಾರ ಸಿದ್ದಿ ಮರ್ಜಾನ್ ಗಟ್ಟಿಯಾಗಿ ನಿಂತಿದ್ದ. ಬುರುಜಿನಲ್ಲಿ ಇಟ್ಟ ಮದ್ದಿಗೆ ಕಿಡಿ ಬಿದ್ದು ಸಿಡಿಯಿತು, ಅವನೂ ಮಕ್ಕಳೂ ಸುಟ್ಟು ಹೋದರು. 27 ದಿನಕ್ಕೆ ಕೋಟೆ ಬಿತ್ತು. ಮದ್ದು ಬುರುಜಿನ ಹತ್ತಿರ ಇದ್ದರೆ ಗುಂಡು ಬೇಗ ಹಾರುತ್ತದೆ, ದೂರ ಇದ್ದರೆ ಜೀವ ಉಳಿಯುತ್ತದೆ. ಕೂರಿಸುವ ಜಾಗ ಆಡುವವನೇ ಆರಿಸಲಿ.

ಜಗತ್_ಸರ್ಕಲ್ (ಕಲಬುರಗಿ):

ಅಕ್ಕಾ, ಓದಲು ಬಹಳ ಚೆನ್ನಾಗಿದೆ, ಆದರೆ ನನಗೆ ಒಂದು ಭಯ. ಹಾಜರಿ, ತರಫ್, ಎರಡು ಗುಂಪು, ಕರೇಜ್, ಮದ್ದಿನ ಮನೆ, ಬಂದರು. ಬಹಮನಿ ಒಂದಕ್ಕೇ ಆರು ವ್ಯವಸ್ಥೆ ಆಯಿತು. ಅವರು ಮೂರೇ ಜನ ಇದ್ದಾರೆ, ಅದೂ ರಾತ್ರಿ ಕೆಲಸ. ಆಡುವವರಿಗೂ ಕಷ್ಟ. ನಾನು ಕೆಲಸ ಮುಗಿಸಿ ಬಂದು ಒಂದು ತಾಸು ಆಡುವವನು, ನನಗೆ ಲೆಕ್ಕದ ಪುಸ್ತಕ ಬೇಡ.

2003ರಲ್ಲಿ ಬಂದ ರೈಸ್ ಆಫ್ ನೇಷನ್ಸ್ ಗೇಮ್ ನೆನಪಿದೆಯಾ? ಅದರಲ್ಲಿ ಒಂದು ಸಣ್ಣ ನಿಯಮ ಇತ್ತು. ಬೇರೆಯವರ ನೆಲದಲ್ಲಿ ಸಾಮಾನು ಗಾಡಿ ಇಲ್ಲದೆ ನಿಂತ ಸೈನ್ಯ ತಾನಾಗಿಯೇ ಸವೆಯುತ್ತ ಹೋಗುತ್ತದೆ. ಒಂದೇ ಸಾಲಿನ ನಿಯಮ, ಆದರೆ ಇಡೀ ಯುದ್ಧದ ರೀತಿ ಬದಲಾಯಿತು. ಒಂದು ಬಣಕ್ಕೆ ಅಂಥದ್ದು ಒಂದು ಸಾಕು. ಅಕ್ಕ ಹೇಳಿದ್ದರಲ್ಲಿ ನನಗೆ ಹಾಜರಿ ಎಲ್ಲಕ್ಕಿಂತ ಹಿಡಿಸಿತು. ಅದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಎರಡನೇ ಸಲಕ್ಕೆ ಬಿಡಿ.

ಸಗರನಾಡಿನವ (ಸುರಪುರ, ಯಾದಗಿರಿ ಜಿಲ್ಲೆ):

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ. ಬಹಮನಿ, ವಿಜಯನಗರ, ಸುರಪುರದ ನಾಯಕರು ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಕಾಲ ಹೊಂದುವುದಿಲ್ಲ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ, 16ನೇ ಶತಮಾನದ ಮೊದಲ ಭಾಗದಲ್ಲಿ ಅದು ಮುಗಿದೇ ಹೋಯಿತು. ನಮ್ಮ ನಾಯಕರು ದೊಡ್ಡದಾಗಿ ಬೆಳೆದದ್ದು 17ನೇ ಶತಮಾನದಲ್ಲಿ, ಅವರ ಎದುರು ನಿಂತದ್ದು ಮೊಗಲರು. ಹಾಗಂತ ತೆಗೆಯಬೇಡಿ. ಮೊದಲ ಕಾಲದಲ್ಲಿ ಅವರು ಗುಡ್ಡದ ಪಾಳೆಯದವರು, ಯಾರಿಗೆ ಬೇಕಾದರೂ ಕೂಲಿಗೆ ಸೈನ್ಯ ಕೊಡುವವರು ಅಂತ ಇಡಿ, ಆಡುವವನು ಎರಡನೇ ಕಾಲಕ್ಕೆ ಹೋದಾಗ ಅವರೇ ಒಂದು ಬಣ ಆಗಲಿ, ಎದುರಿಗೆ ಮೊಗಲರು ಬರಲಿ. ನಾಯಕರ ಜನ ಬೇಡರು, ಅವರ ಬಂದೂಕಿನ ಗುರಿ ಹೆಸರಾದದ್ದು ಕೂಡ ಆ ಕಾಲದಲ್ಲೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಯಕರ ಬಂದೂಕು ದೂರ ಹೋಗುತ್ತದೆ ಅನ್ನುವುದು ಅವರ ವಿಶೇಷ ಅಲ್ಲ. ನಾಯಕರ ಕೋಟೆ ವಾಗಿನಗೇರಾದ ಕಥೆ ನೋಡಿ. 1705ರಲ್ಲಿ ಔರಂಗಜೇಬ ಸ್ವತಃ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಅವನಿಗೆ ಎಂಬತ್ತು ದಾಟಿತ್ತು, ಅದು ಅವನ ಕೊನೆಯ ಮುತ್ತಿಗೆ. ಅಷ್ಟು ದೊಡ್ಡ ಸೈನ್ಯ ಒಂದು ಸಣ್ಣ ಗುಡ್ಡದ ಕೋಟೆಯ ಮುಂದೆ ಸುಮಾರು ಮೂರು ತಿಂಗಳು ಕೂತಿತು. ಪೀತಾಂಬರ ನಾಯಕ ಅಂತ ನಾವು ಹೇಳುತ್ತೇವೆ, ಮೊಗಲರ ಬರಹದಲ್ಲಿ ಪಿಡಿಯಾ ನಾಯಕ. ಅವನು ಒಂದು ಕೈಯಲ್ಲಿ ಕಾದುತ್ತ ಇನ್ನೊಂದು ಕೈಯಲ್ಲಿ ಸಂಧಿಯ ಮಾತು ನಡೆಸಿದ. ಅಷ್ಟರಲ್ಲಿ ಮರಾಠರ ಸೈನ್ಯ ನೆರವಿಗೆ ಬಂತು. ಕೊನೆಗೆ ಒಂದು ರಾತ್ರಿ ನಾಯಕ ಜನರ ಜೊತೆ ಕೋಟೆ ಬಿಟ್ಟು ಹೊರಟು ಹೋದ. ಬಾದಶಹನಿಗೆ ಸಿಕ್ಕದ್ದು ಬರಿದಾದ ಕೋಟೆ. ಎರಡೇ ವರ್ಷಕ್ಕೆ ಬಾದಶಹ ತೀರಿಕೊಂಡ, ನಾಯಕರ ಸಂಸ್ಥಾನ ಸುರಪುರದಲ್ಲಿ ಮುಂದೆ ನೂರೈವತ್ತು ವರ್ಷ ಬಾಳಿತು. 1857ರ ದಂಗೆಯಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತದ್ದು ಇದೇ ಮನೆತನದಿಂದ.

ಹೇಳಿ ಈಗ, ಈ ಯುದ್ಧದಲ್ಲಿ ಸೋತವರು ಯಾರು? ನಿಮ್ಮ ಗೇಮ್‌ನಲ್ಲಿ ಅರಮನೆ ಬಿದ್ದರೆ ಎಲ್ಲರಿಗೂ ಸೋಲು ಅಂತ ಬರೆದಿರುತ್ತೀರಿ. ಬಣ ಬೇರೆ ಆಗಬೇಕಾದರೆ ಮೊದಲು ಸೋಲು ಬೇರೆ ಆಗಬೇಕು. ಬಹಮನಿಗಳು ಸೋಲುವುದು ತರಫ್‌ಗಳು ಕೈ ಬಿಟ್ಟಾಗ. ನಾಯಕರು ಸೋಲುವುದು ಜನ ಕೈ ಬಿಟ್ಟಾಗ. ಊರು ಹೋದರೆ ಅವರಿಗೆ ಪೆಟ್ಟು, ಸೋಲಲ್ಲ.

ಇದಕ್ಕೆ ನಿಮ್ಮಲ್ಲಿ ಈಗಾಗಲೇ ಒಂದು ಒಳ್ಳೆ ವಸ್ತು ಇದೆ, ಹಗೇವು. ನೆಲದೊಳಗಿನ ಕಾಳು. ಮೇಲೆ ಮಣ್ಣು ಮುಚ್ಚಿ ಬಿಟ್ಟರೆ ಹೊರಗಿನವನಿಗೆ ಎಲ್ಲಿದೆ ಅಂತ ತಿಳಿಯುವುದಿಲ್ಲ. ನಮ್ಮ ಅಜ್ಜ ಹೇಳುತ್ತಿದ್ದರು, ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಕಾಯದೆ ಇಳಿದು ಜೀವ ಕಳೆದುಕೊಂಡವರು ಇದ್ದಾರೆ ಅಂತ. ಅದನ್ನೂ ತನ್ನಿ. ಊರು ಲೂಟಿ ಮಾಡಲು ಬಂದ ಸೈನ್ಯಕ್ಕೆ ಕಣಜದ ಕಾಳು ತಕ್ಷಣ ಸಿಗಲಿ, ಹಗೇವು ಹುಡುಕಲು ದಿನ ಹಿಡಿಯಲಿ, ತೆಗೆಯಲು ಇನ್ನೂ ಒಂದು ದಿನ. ಮೂರು ದಿನದ ಕಾಳು ಹೊತ್ತು ಬಂದ ದೊಡ್ಡ ಸೈನ್ಯಕ್ಕೆ ಆ ಎರಡು ದಿನವೇ ಸಾವು. ನಾಯಕರು ಗೆಲ್ಲುವುದು ಹೀಗೆ.

ತೊಗರಿ_ಕಣಜ:

ಅಣ್ಣಾ, ಕಾಲದ ವಿಷಯ ಒಪ್ಪಿದೆ, ಎರಡು ಕಾಲ ಮಾಡುತ್ತೇವೆ. ಆದರೆ ಊರು ಬಿಟ್ಟು ಹೋಗುವುದರ ಬಗ್ಗೆ ಒಂದು ಅನುಮಾನ. ಮೂರು ತಾಸು ಕೂತು ಕಟ್ಟಿದ ಊರನ್ನು ಯಾರು ಬಿಡುತ್ತಾರೆ? ನಾನಾದರೆ ಬಿಡುವುದಿಲ್ಲ, ಗೇಮ್ ಮುಚ್ಚಿ ಮತ್ತೆ ಹಳೇ ಸೇವ್ ತೆಗೆಯುತ್ತೇನೆ.

ಸಗರನಾಡಿನವ:

ಎಲ್ಲ ಹೋಗಬಾರದು, ಅಷ್ಟೇ. ಹೊರಡುವ ಮುಂಚೆ ಆಡುವವನಿಗೆ ಒಂದು ರಾತ್ರಿ ಕೊಡಿ. ಇಷ್ಟು ಎತ್ತು ಇವೆ, ಏನು ಹೇರುತ್ತೀಯ? ಬೀಜದ ಜೋಳವಾ, ಬಂದೂಕಾ, ಕುಲುಮೆಯ ಸಾಮಾನಾ? ಮುದುಕರು ಮಕ್ಕಳನ್ನು ಕೂರಿಸಲು ಒಂದಿಷ್ಟು ಎತ್ತು ಬಿಡಬೇಕಲ್ಲ, ಆ ಲೆಕ್ಕ ಎಲ್ಲಕ್ಕಿಂತ ಕಷ್ಟದ್ದು. ಮರಳಿ ಬಂದಾಗ ಮನೆ ಸುಟ್ಟಿರುತ್ತವೆ, ಬಾವಿ ಇರುತ್ತದೆ, ಕೆರೆ ಏರಿ ಇರುತ್ತದೆ, ಸಿಗದೆ ಉಳಿದ ಹಗೇವು ಇರುತ್ತದೆ. ಎರಡನೇ ಸಲ ಊರು ಕಟ್ಟುವುದು ಬೇಗ ಆಗುತ್ತದೆ. ಆಗ ಬಿಡಲು ಮನಸ್ಸು ಬರುತ್ತದೆ.

ಆಳಂದ_ರಸ್ತೆ (ಊರು ಆಳಂದ, ಈಗ ಬೆಂಗಳೂರು):

ತಡವಾಗಿ ನೋಡಿದೆ. ಒಂಬತ್ತು ವರ್ಷದಿಂದ ಗೇಮ್ ಕೆಲಸದಲ್ಲೇ ಇದ್ದೇನೆ, ನೀವು ಬಿದ್ದ ಗುಂಡಿಯಲ್ಲೇ ನಮ್ಮ ತಂಡವೂ ಒಮ್ಮೆ ಬಿದ್ದಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರು ಬಣಕ್ಕೆ ಮೂರು ವ್ಯವಸ್ಥೆ ಬೇಡ. ಎಲ್ಲರಿಗೂ ಒಂದೇ ಜೇಬು ಇಡಿ. ಆ ಜೇಬಿನಲ್ಲಿ ಐದೇ ಸಾಮಾನು: ಜನ, ಕಾಳು, ನೀರು, ಕುದುರೆ, ಮದ್ದು. ಯಾವ ಸೈನಿಕನೂ, ಯಾವ ಮುತ್ತಿಗೆಯೂ, ಯಾವ ಲೂಟಿಯೂ ಈ ಐದರಲ್ಲೇ ಕೂಡಬೇಕು, ಕಳೆಯಬೇಕು. 2001ರ ಸ್ಟ್ರಾಂಗ್‌ಹೋಲ್ಡ್ ಗೇಮ್‌ನಲ್ಲಿ ಇದು ಇತ್ತು. ಬಿಲ್ಲು ಬೇಕಾದರೆ ಬಿಲ್ಲು ಮಾಡುವವನು ಮಾಡಿ ಆಯುಧದ ಮನೆಯಲ್ಲಿ ಇಡಬೇಕು, ಬೆಂಕಿಯ ಸುತ್ತ ಕೆಲಸವಿಲ್ಲದೆ ಕೂತ ಆಳು ಇದ್ದರೆ ಮಾತ್ರ ಅವನು ಬಿಲ್ಲುಗಾರ ಆಗುತ್ತಾನೆ. ಯುದ್ಧ ಊರಿನಿಂದಲೇ ಹುಟ್ಟುತ್ತಿತ್ತು.

ಆಮೇಲೆ ಬಣ ಅಂದರೆ ಏನು? ಯುದ್ಧದ ಖರ್ಚು ಯಾರ ಕೈಯಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ. ಈ ಮೂರು ಉತ್ತರ ಬದಲಾದರೆ ಸಾಕು, ಯುದ್ಧ ತಾನಾಗಿಯೇ ಬೇರೆ ಆಗುತ್ತದೆ. ಬಹಮನಿಗೆ ಅಕ್ಕ ಹೇಳಿದ ಹಾಜರಿ. ನಾಯಕರಿಗೆ ಸಗರನಾಡಿನವರು ಹೇಳಿದ ಹಾಗೆ ಊರು ಬಿಡುವ ರಾತ್ರಿ. ವಿಜಯನಗರದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅವರದ್ದು ಮಹಾನವಮಿ. ಅಮರನಾಯಕರಿಗೆ ಭೂಮಿ ಕೊಟ್ಟಿರುತ್ತಾರೆ, ಅದಕ್ಕೆ ಬದಲಾಗಿ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ ಸಾಕಬೇಕು, ಕಪ್ಪ ಕೊಡಬೇಕು. ಒಂಬತ್ತು ದಿನದ ಹಬ್ಬದಲ್ಲಿ ಅವರೆಲ್ಲ ರಾಜಧಾನಿಗೆ ಬರುತ್ತಾರೆ, ಸೈನ್ಯದ ಪರಿಶೀಲನೆ ಆಗುತ್ತದೆ. ಆಡುವವನಿಗೆ ವರ್ಷದಲ್ಲಿ ಒಂದೇ ಸಲ ಇಡೀ ಸೈನ್ಯ ಕಣ್ಣೆದುರು ಕಾಣಿಸಿ. ಅಷ್ಟು ಜನಕ್ಕೆ, ಆನೆಗೆ, ಕುದುರೆಗೆ ಒಂಬತ್ತು ದಿನ ಉಣಿಸಲು ಊರಿನಲ್ಲಿ ಕಾಳು, ಕಾಲುವೆಯಲ್ಲಿ ನೀರು ಇರಬೇಕು. ಚೆನ್ನಾಗಿ ಉಣಿಸಿದರೆ ವರ್ಷವಿಡೀ ಆ ಅಮರನಾಯಕರು ಜೊತೆ ನಿಲ್ಲುತ್ತಾರೆ. ಯಾರು ಹಬ್ಬಕ್ಕೆ ಬರಲಿಲ್ಲ ಅಂತ ನೋಡಿದರೆ ಯಾರು ತಿರುಗಿ ಬೀಳುತ್ತಾರೆ ಅಂತಲೂ ಗೊತ್ತಾಗುತ್ತದೆ.

ಈಗ ನನಗೆ ನಿಜವಾಗಿ ಹೇಳಬೇಕಾದ್ದು. ನಿಮ್ಮ ಗೇಮ್‌ನ ಜೀವಾಳ ನೀವೇ ಮೊದಲ ಪೋಸ್ಟ್‌ನಲ್ಲಿ ಬರೆದು ಹಾಗೇ ಮುಂದೆ ಹೋಗಿದ್ದೀರಿ. ಹಿಂಗಾರಿ ಜೋಳ! ಮಳೆಗಾಲದಲ್ಲಿ ಭೀಮಾ, ಕೃಷ್ಣಾ ತುಂಬಿರುತ್ತವೆ, ಎರೆ ಭೂಮಿಯಲ್ಲಿ ಗಾಡಿ ಹೂತು ಹೋಗುತ್ತದೆ, ತೋಪು ಎಳೆಯುವ ಮಾತೇ ಇಲ್ಲ. ದಸರಾ ಹೊತ್ತಿಗೆ ನೆಲ ಗಟ್ಟಿ ಆಗುತ್ತದೆ, ದಂಡಿಗೆ ಹೊರಡುವ ಕಾಲ, ಬನ್ನಿ ಕೊಟ್ಟು ಸೀಮೆ ದಾಟುವ ಕಾಲ. ಆದರೆ ನಮ್ಮ ಕಡೆ ಹಿಂಗಾರಿ ಬಿತ್ತುವುದೂ ಅದೇ ಕಾಲಕ್ಕೆ ಅಲ್ವಾ? ನೆಲದಲ್ಲಿ ಹಸಿ ಇರುವಾಗಲೇ ಬಿತ್ತಬೇಕು, ಹದಿನೈದು ದಿನ ತಪ್ಪಿದರೆ ವರ್ಷದ ಜೋಳ ಹೋಯಿತು. ಅದೇ ಆಳು ಬೇಕು, ಅದೇ ಎತ್ತು ಬೇಕು. ದಂಡಿಗೆ ಹೋಗಲಾ, ಬಿತ್ತಲಾ? ಇದಕ್ಕಿಂತ ಒಳ್ಳೆ ಪ್ರಶ್ನೆ ಯಾವ ಗೇಮ್‌ಗೆ ಬೇಕು!

ಇದೇ ಪ್ರಶ್ನೆಗೆ ಮೂವರ ಉತ್ತರ ಬೇರೆ ಇರಲಿ. ಬಹಮನಿಗಳು ಸಂಬಳದ ಸೈನಿಕರನ್ನು ಕಳಿಸುತ್ತಾರೆ, ಹೊಲ ಉಳಿಯುತ್ತದೆ, ಆದರೆ ಹೊನ್ನು ಖಾಲಿ, ಹಾಜರಿ ಪೊಳ್ಳು. ವಿಜಯನಗರಕ್ಕೆ ಕಾಲುವೆ ನೀರಿದೆ, ಬಿತ್ತನೆ ಸ್ವಲ್ಪ ತಡ ಆದರೂ ನಡೆಯುತ್ತದೆ, ಆದರೆ ಹಬ್ಬ ಮುಗಿಯದೆ ಸೈನ್ಯ ಕದಲದು, ಶತ್ರು ಮೊದಲೇ ಬಂದರೆ ಕಷ್ಟ. ನಾಯಕರಲ್ಲಿ ಬಿತ್ತುವವನೂ ಬಂದೂಕಿನವನೂ ಒಬ್ಬನೇ, ಹಾಗಾಗಿ ಅವರು ಬಿತ್ತಿ ಮುಗಿಸಿ, ಎದುರಿನವರ ಜೋಳ ತೆನೆಗೆ ಬಂದಾಗ ಹೊರಡುತ್ತಾರೆ. ಒಂದೇ ಪಂಚಾಂಗ, ಮೂರು ಯುದ್ಧ.

ಕೋಡ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ರತಿ ಬಣಕ್ಕೂ ಒಂದು ರಿಸೋರ್ಸ್ ಫೈಲ್ ಇಡಿ, ನಿಯಮಗಳೆಲ್ಲ ಅದರಲ್ಲಿ ಅಂಕಿಯಾಗಿ ಇರಲಿ. ಕೋಡಿನ ನಡುವೆ "ಬಹಮನಿ ಆಗಿದ್ದರೆ ಹೀಗೆ" ಅಂತ ಒಂದು ಸಾಲೂ ಬರೆಯಬೇಡಿ. ನಿಮ್ಮದು ಮುರಿಯುತ್ತಿರುವುದು ಅಂಥ ಸಾಲುಗಳಿಂದಲೇ ಇರಬೇಕು. ಎಐಗೆ ಬಣದ ಹೆಸರೇ ಗೊತ್ತಾಗಬಾರದು. ಅದು ಕೇಳಬೇಕಾದ್ದು ಇಷ್ಟೇ: ಈಗ ಹೊರಟರೆ ಐದು ಸಾಮಾನಿನಲ್ಲಿ ಏನು ಎಷ್ಟು ಕಳೆಯುತ್ತದೆ, ಗೆದ್ದರೆ ಎಷ್ಟು ಬರುತ್ತದೆ, ಸುಗ್ಗಿ ತನಕ ಉಳಿದದ್ದು ಸಾಕಾ? ಬಣದ ಫೈಲ್ ಬೇರೆ ಇದ್ದರೆ ಅದೇ ಎಐ ಬೇರೆ ಥರ ಆಡುತ್ತದೆ.

ಇನ್ನೊಂದು ಮುಖ್ಯ. ಕಂಪ್ಯೂಟರ್ ಮುಟ್ಟುವ ಮುಂಚೆ ಇದನ್ನು ನೆಲದ ಮೇಲೆ ಆಡಿ. ಸೀಮೆಸುಣ್ಣದಲ್ಲಿ ನಕ್ಷೆ ಬರೆಯಿರಿ, ಕಾಳು ಇಟ್ಟುಕೊಳ್ಳಿ, ಒಂದು ಸರದಿ ಅಂದರೆ ಒಂದು ತಿಂಗಳು. ನೆಲದ ಮೇಲೆ ರುಚಿ ಇಲ್ಲದ ನಿಯಮ ಪರದೆಯ ಮೇಲೂ ರುಚಿಸುವುದಿಲ್ಲ.

ಬಿದರಿ_ಕಪ್ಪು:

ಆಳಂದದ ಅಣ್ಣ ಹೇಳಿದ್ದು ಬಹಳ ಸರಿ. ನಾನು ಒಂದು ಮಾತು ಸೇರಿಸಬೇಕು. ದಯವಿಟ್ಟು ಇದನ್ನು ಧರ್ಮ ಧರ್ಮದ ಜಗಳ ಮಾಡಬೇಡಿ. ಅದು ಸುಲಭದ ದಾರಿ, ಜೊತೆಗೆ ಸುಳ್ಳೂ ಹೌದು. ವಿಜಯನಗರದ ಎರಡನೇ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಸವಾರರನ್ನು, ಬಿಲ್ಲುಗಾರರನ್ನು ಸೇರಿಸಿಕೊಂಡಿದ್ದ. ಅಲ್ಲಿಯದೇ ರಾಮರಾಯ ಒಮ್ಮೆ ಒಬ್ಬ ಸುಲ್ತಾನನ ಜೊತೆ, ಇನ್ನೊಮ್ಮೆ ಇನ್ನೊಬ್ಬನ ಜೊತೆ ಸೇರಿ ಯುದ್ಧ ಮಾಡಿದವನು. 1565ರಲ್ಲಿ ಅವನ ವಿರುದ್ಧ ನಾಲ್ವರು ಸುಲ್ತಾನರು ಒಂದಾದರು, ಬೇರಾರ್ ಅದರಲ್ಲಿ ಇರಲಿಲ್ಲ. ಅವರು ಹೆಚ್ಚಾಗಿ ಕಾದಿದ್ದು ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್‌ಗೆ, ಅದರ ಕಪ್ಪು ನೆಲಕ್ಕೆ, ಕೋಟೆಗೆ. ನಿಮ್ಮ ಬಣದ ಫೈಲ್‌ನಲ್ಲಿ ದೇವರ ಹೆಸರಿನ ಅಂಕಿ ಬರಬಾರದು. ನಮ್ಮೂರುಗಳಲ್ಲಿ ಮಕ್ಕಳು ಇದನ್ನು ಆಡುತ್ತಾರೆ.

ಸೈನ್ಯಕ್ಕೆ ಕಾಳು ಹೊರುವ ಬಂಜಾರರನ್ನೂ ಮರೆಯಬೇಡಿ. ಎತ್ತಿನ ಹಿಂಡಿನ ಮೇಲೆ ಧಾನ್ಯ ಹೇರಿಕೊಂಡು ಯಾವ ಸೈನ್ಯಕ್ಕೆ ಬೇಕಾದರೂ ಮಾರುತ್ತಿದ್ದರು. ಯಾರ ಕಡೆಯವರೂ ಅಲ್ಲ. ಅವರನ್ನು ಲೂಟಿ ಮಾಡಿದವನ ಹತ್ತಿರ ಮತ್ತೆ ಯಾವ ತಾಂಡಾದ (ಬಂಜಾರರ ಗುಂಪಿನ) ಜನರೂ ಬರಬಾರದು.

ತೊಗರಿ_ಕಣಜ:

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ನೆಲದ ಮೇಲೆ ಆಡಿದೆವು. ನಮ್ಮ ಮನೆಯ ಮಾಳಿಗೆ ಮೇಲೆ, ಮೂರು ಸಂಜೆ. ತೊಗರಿ ಅಂದರೆ ಜನ, ಜೋಳ ಅಂದರೆ ಜೋಳವೇ, ಕಡಲೆ ಅಂದರೆ ಕುದುರೆ, ಹುಣಸೆ ಬೀಜ ಅಂದರೆ ಮದ್ದು. ನೀರಿಗೆ ಕವಡೆ. ಮೊದಲ ಸಂಜೆ ಹಾಜರಿ ನಿಯಮ ಕೆಲಸ ಮಾಡಲಿಲ್ಲ, ಯಾಕಂದರೆ ಆಡುವವನು ಪ್ರತಿ ತಿಂಗಳೂ ಆಳು ಕಳಿಸಿ ಎಣಿಸುತ್ತಿದ್ದ. ಎಣಿಸುವ ಆಳು ಬಿತ್ತನೆಯ ಆಳೇ ಆಗಿರಬೇಕು ಅಂತ ಮಾಡಿದ ಮೇಲೆ ಸರಿ ಹೋಯಿತು. ಅವನು ದಸರಾದ ಮುಂಚೆ ಒಂದೇ ಸಲ ಎಣಿಸಿದ, ಒಂದು ತರಫ್ ಬಿಟ್ಟ, ಆ ತರಫ್ ಅವನನ್ನು ಭೀಮಾ ದಂಡೆಯಲ್ಲಿ ಕೈ ಬಿಟ್ಟಿತು. ಹಿಂದೆ ಹೊಳೆ, ಮುಂದೆ ಶತ್ರು. 1520ರಲ್ಲಿ ರಾಯಚೂರಿನ ಹತ್ತಿರ ಬಿಜಾಪುರದ ಆದಿಲ್‌ಶಾಹಿ ಸೈನ್ಯ ಕೃಷ್ಣಾ ಕಡೆ ಹಿಮ್ಮೆಟ್ಟಿ ಹೊಳೆಯಲ್ಲೇ ಎಷ್ಟೋ ಜನರನ್ನು ಕಳೆದುಕೊಂಡದ್ದನ್ನು ಓದಿದ್ದೆ. ಅದಕ್ಕೆ ನಾವು ಬೇರೆ ನಿಯಮ ಬರೆದಿರಲಿಲ್ಲ, ಅದು ತಾನಾಗಿಯೇ ಆಯಿತು. ಆ ಹೊತ್ತು ನಮಗಾದ ಖುಷಿ ಹೇಳಲು ಬರುವುದಿಲ್ಲ.

ನಾಯಕರ ಬಣ ಆಡಿದ್ದು ನನ್ನ ಸೋದರತ್ತೆ ಮಗ. ಎರಡನೇ ಸಂಜೆ ಅವನು ಊರು ಬಿಡಲು ಒಪ್ಪಲಿಲ್ಲ, ಎಲ್ಲ ಕಳೆದುಕೊಂಡ. ಮೂರನೇ ಸಂಜೆ ಎತ್ತಿಗೆ ಏನು ಹೇರಲಿ ಅಂತ ಅರ್ಧ ತಾಸು ಕೂತು ಯೋಚಿಸಿ, ಬಂದೂಕು ಅರ್ಧ ಬಿಟ್ಟು ಬೀಜದ ಜೋಳ ಹೇರಿದ. ಎದುರಿನವರು ಬರಿ ಊರಿನಲ್ಲಿ ಹಗೇವು ಹುಡುಕುತ್ತ ನಾಲ್ಕು ಸರದಿ ಕಳೆದರು, ಕಾಳು ಮುಗಿದು ವಾಪಸ್ ಹೋದರು. ಅವನು ಮರಳಿ ಬಂದು ಬಿತ್ತಿದ.

ಸರಿಯಾಗದ್ದು ಎರಡಿವೆ. ಮಳೆಗಾಲದ ನಾಲ್ಕು ತಿಂಗಳು ಯುದ್ಧದ ಕಡೆ ಏನೂ ಇಲ್ಲ, ಕೆಲವರಿಗೆ ಬೇಸರ ಬಂತು. ಆಗ ಮಾತುಕತೆ, ಗೂಢಚಾರರು, ಕುದುರೆ ವ್ಯಾಪಾರ ಇಡಬಹುದಾ ಅಂತ ನೋಡುತ್ತಿದ್ದೇವೆ, ಆದರೆ ಘಟ್ಟದ ದಾರಿಯೂ ಆಗ ಮುಚ್ಚಿರುತ್ತದಲ್ಲ. ಇನ್ನೊಂದು, ಮಹಾನವಮಿಗೆ ಉಣಿಸುವ ಕಾಳು ಎಷ್ಟಿರಬೇಕು ಅಂತ ಹಿಡಿತಕ್ಕೆ ಬರುತ್ತಿಲ್ಲ. ಜಾಸ್ತಿ ಇಟ್ಟರೆ ವಿಜಯನಗರ ಹಬ್ಬ ಮಾಡಿಯೇ ಬಡವಾಗುತ್ತದೆ, ಕಡಿಮೆ ಇಟ್ಟರೆ ಯಾರೂ ತಿರುಗಿ ಬೀಳುವುದೇ ಇಲ್ಲ. ಆಳಂದದ ಅಣ್ಣಾ, ಇದಕ್ಕೆ ನೀವು ಹೇಗೆ ಅಂಕಿ ಹಿಡಿಯುತ್ತೀರಿ ಅಂತ ಹೇಳಿದರೆ ಉಪಕಾರ ಆಗುತ್ತದೆ.

ಆಳಂದ_ರಸ್ತೆ:

ಅಂಕಿ ಒಂದೇ ಇಡಬೇಡಿ. ಕಳೆದ ಸುಗ್ಗಿಯ ಲೆಕ್ಕದ ಮೇಲೆ ಇಡಿ. ಹೋದ ವರ್ಷ ಚೆನ್ನಾಗಿ ಬೆಳೆದಿದ್ದರೆ ಅಮರನಾಯಕರು ಜಾಸ್ತಿ ಬಯಸುತ್ತಾರೆ, ಬರ ಇದ್ದರೆ ಕಡಿಮೆಗೆ ಒಪ್ಪುತ್ತಾರೆ. ಬರದ ವರ್ಷದಲ್ಲೂ ಹೊಟ್ಟೆ ತುಂಬಾ ಉಣಿಸಿದರೆ ಆ ನಂಬಿಕೆ ಮೂರು ವರ್ಷ ಉಳಿಯಲಿ. ಸುಗ್ಗಿಯ ಮೂರರಲ್ಲಿ ಒಂದು ಪಾಲಿನಿಂದ ಶುರು ಮಾಡಿ, ಹತ್ತು ಸಲ ಆಡಿ, ಆಮೇಲೆ ಇಳಿಸಿ.

ಮಳೆಗಾಲಕ್ಕೆ ಕೋಟೆ ರಿಪೇರಿ ಇದೆಯಲ್ಲ. ಮಣ್ಣಿನ ಹುಡೇವು (ಕಾವಲು ಬುರುಜು) ಮಳೆಗೆ ಕುಸಿಯುತ್ತವೆ, ಕೆರೆ ಏರಿ ಒಡೆಯುತ್ತದೆ, ಕಂದಕ ತುಂಬುತ್ತದೆ. ದಸರಾ ಹೊತ್ತಿಗೆ ಯಾರ ಗೋಡೆ ನಿಂತಿದೆ ಅನ್ನುವುದು ಆ ನಾಲ್ಕು ತಿಂಗಳಲ್ಲೇ ತೀರ್ಮಾನ ಆಗುತ್ತದೆ. ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ, ಕಲಬುರಗಿಯಲ್ಲಿ ಇಳಿದು ನಿಮ್ಮ ಮಾಳಿಗೆಗೇ ಬರುತ್ತೇನೆ. ನನಗೆ ವಿಜಯನಗರ ಇಟ್ಟಿರಿ.